ಮೊಣಕಾಲಿನವರೆಗೆ ಒಂದು ಕಿಲ್ಟು

ಅಲ್ ಅಜೈಬಾದ ನಮ್ಮ ಮನೆಗೆ ಹೊಚ್ಚ ಹೊಸದಾಗಿ ಬಂದವರೆಂದರೆ ನಾನು ಮತ್ತು ನನ್ನ ಅಕ್ಕ ಶಾಹಿ, ಇಬ್ಬರೇ. ಮಿಕ್ಕಿದ್ದೆಲ್ಲ ಯಾರೋ ಒಮಾನ್ ಬಿಟ್ಟು ಹೋಗುವಾಗ ನಮಗೆ ದಾಟಿಸಿ ಹೋದದ್ದು. ಸೋಫಾ ಗೋವಾದ ಅಕೌಂಟೆಂಟ್ ಒಬ್ಬರದು. ಫ್ರಿಜ್ಜು ಈಜಿಪ್ಟಿನ ದಂತವೈದ್ಯರದು. ಅದರ ಬಾಗಿಲಲ್ಲಿ ಅವರ ಮಕ್ಕಳು ಅಂಟಿಸಿದ ಡೈನೋಸಾರ್‌ಗಳು ನಾನು ಕಾಲೇಜಿಗೆ ಹೋಗುವವರೆಗೂ ಇದ್ದವು. ಊಟದ ಮೇಜು ಶ್ರೀಲಂಕಾದವರದು. ಆ ಮೇಜಿನ ಮೇಲೆ ಉಮ್ಮ ಹೊಲಿಗೆ ಮೆಷಿನ್ ಇಟ್ಟುಕೊಂಡು ಬಿಲ್ಡಿಂಗಿನ ಹೆಂಗಸರ ಸೀರೆಗೆ ಫಾಲ್ ಹಚ್ಚುವುದು, ಮಕ್ಕಳ ಯೂನಿಫಾರ್ಮ್ ಸರಿಮಾಡುವುದು ಎಲ್ಲ ನಡೆಸುತ್ತಿದ್ದುದರಿಂದ ನಾವು ಹಾಲಿನ ನೆಲದಲ್ಲಿ ಸುಪ್ರದ ಬಟ್ಟೆ ಹಾಸಿಯೇ ಊಟ ಮಾಡುತ್ತಿದ್ದೆವು. ಉಪ್ಪ ರುಸೈಲಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಸೂಪರ್‌ವೈಸರ್. ಯಾರದಾದರೂ ವೀಸಾ ಕ್ಯಾನ್ಸಲ್ ಆಯಿತೆಂದು ಕೇಳಿದರೆ ಉಪ್ಪನ ಮುಖ ನಿಜವಾಗಿಯೂ ಬಾಡುತ್ತಿತ್ತು. ಫೋನ್ ಮಾಡಿ ಸಮಾಧಾನ ಹೇಳುತ್ತಿದ್ದರು. ಆಮೇಲೆ ದನಿ ತಗ್ಗಿಸಿ ಕೇಳುತ್ತಿದ್ದರು:

“ಅಲ್ಲಾಹು ಎಲ್ಲ ಒಳ್ಳೇದು ಮಾಡ್ಲಿ... ಮತ್ತೆ, ಆ ಮೂರು ಬಾಗಿಲಿನ ಕಪಾಟು ಎಂತ ಮಾಡ್ತೀರಿ?”

ಇದನ್ನು ನಾನು ಉಪ್ಪನಿಗಿಂತ ಚೆನ್ನಾಗಿ ಹೇಳಬಲ್ಲೆ. ಒಮ್ಮೆ ಅವರದೇ ದನಿಯಲ್ಲಿ ಉಮ್ಮನಿಗೆ ಫೋನ್ ಮಾಡಿ ಬಿರಿಯಾನಿ ಮಾಡಿಸಿದವನು ನಾನು. ನಮ್ಮ ಕಟ್ಟಡದ ಕಾವಲುಗಾರ, ಸ್ಕೂಲಿನ ಪ್ರಿನ್ಸಿಪಾಲ್, ಉಪ್ಪನಿಗೆ ವೀಸಾ ಕೊಡಿಸಿದ ಕಫೀಲ್, ಅಝಾನಿನ ಮೊದಲು ಮೈಕಿನಲ್ಲಿ ಕೆಮ್ಮುವ ಮುದುಕ, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದರು. ನನ್ನದೇ ದನಿ ಯಾವುದು ಅಂತ ಶಾಹಿ ಕೇಳಿದಾಗ ಅವಳ ದನಿಯಲ್ಲೇ “ಯಾವುದು?” ಅಂದು ತಲೆಗೆ ದಿಂಬಿನ ಏಟು ತಿಂದಿದ್ದೆ. ಅಂದಹಾಗೆ ಮನೆಯಲ್ಲಿ ನಾವು ಮಾತಾಡುವುದು ಬ್ಯಾರಿ. ಇಲ್ಲಿ ಎಲ್ಲರನ್ನೂ ಕನ್ನಡದಲ್ಲಿ ಮಾತಾಡಿಸಿದ್ದೇನೆ. ಉಪ್ಪ ಓದಿದರೆ “ನಾನು ಇಷ್ಟು ಚಂದ ಕನ್ನಡ ಯಾವಾಗ ಮಾತಾಡಿದೆ?” ಅನ್ನುತ್ತಾರೆ.

ನನ್ನ ಸಂಗ್ರಹದಲ್ಲಿ ಬ್ಯಾಗ್‌ಪೈಪ್ ಕೂಡ ಇತ್ತು. ರಾಷ್ಟ್ರೀಯ ದಿನದಂದು ಟೀವಿಯಲ್ಲಿ ಒಮಾನಿ ಸೈನಿಕರು ಕಂಕುಳಲ್ಲಿ ಗಾಳಿಚೀಲ ಅವುಚಿ ಊದುತ್ತಾ ಸಾಗುವುದನ್ನು ನೋಡಿ ಕಲಿತದ್ದು: ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈಯಿಂದ ಗಂಟಲಿಗೆ ತಟ್ಟುತ್ತಾ, ಹೊಟ್ಟೆಯಿಂದ ಒಂದೇ ಸಮ ಊಳಿಡಬೇಕು. ಹದಿಮೂರರ ಪ್ರಾಯದಲ್ಲಿ ಹಿಂದಿನ ಗಲ್ಲಿಯಲ್ಲಿ ಸೈಕಲ್ಲಿನ ಮೇಲೆ ಕೂತು ಇದನ್ನು ಗೆಳೆಯರಿಗೆ ತೋರಿಸುತ್ತಿದ್ದಾಗ ಒಂದು ವಿಲ್ಲಾದ ಗೇಟು ತೆರೆದು ಬಿಳಿ ಮೀಸೆಯ ಎತ್ತರದ ಮನುಷ್ಯ ಹೊರಗೆ ಬಂದರು. ಅವರೇ ಮಿಸ್ಟರ್ ಡಂಕನ್. ಎಷ್ಟೋ ವರ್ಷಗಳ ಹಿಂದೆ ಇಲ್ಲಿನವರಿಗೆ ಪೈಪು ಕಲಿಸಲು ಸ್ಕಾಟ್‌ಲೆಂಡಿನಿಂದ ಬಂದು, ಕೆಲಸ ಮುಗಿದ ಮೇಲೂ ಹೆಂಡತಿಯೊಂದಿಗೆ ಇಲ್ಲೇ ಉಳಿದವರು. ಬೈಯುತ್ತಾರೆಂದು ನನ್ನ ಗೆಳೆಯರೆಲ್ಲ ಓಡಿದರು. ನನ್ನ ಸೈಕಲ್ಲಿನ ಚೈನು ಕಳಚಿತ್ತು.

“ರಾಗ ತಪ್ಪು,” ಅಂದರು, ರಕಾರವನ್ನು ನಾಲಿಗೆಯ ಮೇಲೆ ಉರುಳಿಸುತ್ತಾ. “ಆದರೆ ಉಸಿರು ಚೆನ್ನಾಗಿದೆ. ಶನಿವಾರ ಬೆಳಿಗ್ಗೆ ಬಾ. ಮೂಗು ಬಿಟ್ಟು ಬಾ.”

ಹೋದೆ. ಹೋದದ್ದು ಅವರ ರಕಾರ ಕದಿಯಲಿಕ್ಕೆ. ಸಂಗೀತದ ಆಸೆ ಆಗ ನನಗಿರಲಿಲ್ಲ. ಅವರ ಗ್ಯಾರೇಜಿನಲ್ಲಿ ಏಳೆಂಟು ಮಕ್ಕಳ ಗುಂಪೊಂದು ಕಲಿಯುತ್ತಿತ್ತು, ಸ್ಕಾಟಿಷ್ ಮಕ್ಕಳು, ಗೋವಾದವರು, ಕೊಟ್ಟಾಯಂನ ಒಬ್ಬ. ಕೊಳಲಿನಂಥ ಕಪ್ಪು ಕೋಲೊಂದನ್ನು ನನ್ನ ಕೈಗೆ ಕೊಟ್ಟರು. ಅದಕ್ಕೆ ಚಾಂಟರ್ ಅನ್ನುತ್ತಾರೆ. ಚೀಲ ಹೊರುವ ಮೊದಲು ಅದರಲ್ಲಿ ಬೆರಳು ಪಳಗಬೇಕು. ಮನುಷ್ಯರನ್ನು ಐದು ನಿಮಿಷದಲ್ಲಿ ಅಣಕಿಸುತ್ತಿದ್ದ ನನಗೆ ಆ ಕೋಲು ವರ್ಷಗಟ್ಟಲೆ ಬಗ್ಗಲಿಲ್ಲ. ಅದರ ಎದುರು ಅಣಕ ನಡೆಯುವುದಿಲ್ಲ. ಊದಿದ್ದು ಸರಿಯಿದ್ದರೆ ಸರಿ, ಇಲ್ಲದಿದ್ದರೆ ಬೆಕ್ಕಿನ ಬಾಲ ಮೆಟ್ಟಿದ ಸದ್ದು. ಬಾತ್‌ರೂಮಿನಲ್ಲಿ ಕೂತು ಊದುತ್ತಿದ್ದೆ. ಮೇಲಿನ ಮನೆಯವರು ಪ್ಲಂಬರನ್ನು ಕರೆಸಿದರು.

ಹತ್ತನೇ ಕ್ಲಾಸಿಗೆ ಬರುವಾಗ ಗುಂಪಿನೊಂದಿಗೆ ನಿಲ್ಲುವಷ್ಟು ಕಲಿತಿದ್ದೆ. ಪೈಪು ಗುಂಪಿನದೇ, ಬಟ್ಟೆ ಮಾತ್ರ ಅವರವರದು. ಜನರ ಎದುರು ನಿಲ್ಲಬೇಕಾದರೆ ಪೂರ್ತಿ ಸ್ಕಾಟಿಷ್ ಉಡುಪು ಬೇಕು, ಮುಖ್ಯವಾಗಿ ಕಿಲ್ಟು. ಚೌಕಳಿಯ ದಪ್ಪ ಉಣ್ಣೆಬಟ್ಟೆ, ಹಿಂದೆಲ್ಲ ನೆರಿಗೆ, ಮುಂದೆ ಸಪಾಟು, ಸೊಂಟದಲ್ಲಿ ಬಕಲ್. ಹೊಸದಾಗಿ ತರಿಸುವ ಮಾತನ್ನು ನಮ್ಮ ಮನೆಯಲ್ಲಿ ಆಡುವ ಹಾಗೇ ಇರಲಿಲ್ಲ. ಅಷ್ಟರಲ್ಲಿ ಡಂಕನ್ನರ ಗೆಳೆಯ, ಒಬ್ಬ ಎಂಜಿನಿಯರ್, ಊರಿಗೆ ಹೊರಟರು. ಉಪ್ಪ ನನ್ನೊಂದಿಗೆ ಅವರ ಮನೆಗೆ ಬಂದು, ಇಂಗ್ಲಿಷಿನಲ್ಲಿ ಅದೇ ಸಮಾಧಾನ ಹೇಳಿ, ಅದೇ ತಗ್ಗಿದ ದನಿಯಲ್ಲಿ ಕಪಾಟಿನ ಬದಲು ಕಿಲ್ಟಿನ ವಿಚಾರ ಎತ್ತಿದರು. ಆ ಮನುಷ್ಯ ಸಂತೋಷದಿಂದ ಕೊಟ್ಟರು. ಅವರು ಆರಡಿ ಎತ್ತರ. ಅವರ ಕಿಲ್ಟು ನನಗೆ ಮೊಣಕಾಲು ದಾಟಿ ಅರ್ಧ ಮೀನಖಂಡದವರೆಗೆ ಬರುತ್ತಿತ್ತು. ಬಕಲ್ ಜಾಗ ಬದಲಿಸಿದರೆ ಸೊಂಟವೂ ಸರಿ.

“ಇದು ನಮ್ಮ ಲುಂಗಿಯ ಹಾಗೇ ಉಂಟಲ್ಲ,” ಅಂದರು ಉಪ್ಪ. “ಸ್ವಲ್ಪ ಜಾಸ್ತಿ ಭಾರ. ಹಾಕ್ಲಿ, ತೊಂದರೆ ಇಲ್ಲ.”

ಗಂಡಸಿಗೆ ಹೊಕ್ಕುಳಿನಿಂದ ಮೊಣಕಾಲಿನವರೆಗೆ ಮುಚ್ಚಿರಬೇಕು ಎನ್ನುವುದು ನಮ್ಮ ಮನೆಯಲ್ಲಿ ಯಾರೂ ಪಾಠ ಮಾಡದೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ನಾನು ಫುಟ್‌ಬಾಲ್ ಆಡುತ್ತಿದ್ದುದೂ ಉದ್ದ ಪ್ಯಾಂಟಿನಲ್ಲೇ. ಆದ್ದರಿಂದ ಕಿಲ್ಟು ಪಾಸಾಯಿತೆಂದು ನಾನು ಕುಣಿಯುತ್ತಾ ಮನೆಗೆ ತಂದೆ. ಉಮ್ಮ ಅದನ್ನು ಬೆಳಕಿಗೆ ಹಿಡಿದು, ನೆರಿಗೆಯ ಒಳಗಿನಿಂದ ಒಂದು ಚಿನ್ನದ ಬಣ್ಣದ ಕೂದಲು ಎಳೆದು ತೆಗೆದರು.

“ಅವರ ಮನೆಯಲ್ಲಿ ನಾಯಿ ಉಂಟಾ?”

ಇತ್ತು. ಎಮ್ಮೆಯಷ್ಟು ದೊಡ್ಡದು. ನಾವು ಕೂತಿದ್ದಷ್ಟು ಹೊತ್ತೂ ಅದು ಉಪ್ಪನನ್ನು ಪ್ರೀತಿಯಿಂದ ನೋಡುತ್ತಿತ್ತು.

“ಒಣಗಿದ ಕೂದಲಿಗೆ ಎಂತದೂ ಆಗುದಿಲ್ಲ ಮಾರಾಯ್ತಿ,” ಅಂದರು ಉಪ್ಪ.

“ಕೂದಲು ಒಣಗಿದ್ದೇ. ಅದು ನೆಕ್ಕಲಿಲ್ಲ ಅಂತ ನೀವು ನೋಡಿದ್ದೀರಾ?”

ಉಪ್ಪ ನೋಡಿರಲಿಲ್ಲ. ನಾಯಿಯ ಜೊಲ್ಲು ತಾಗಿದ್ದನ್ನು ನಮ್ಮಲ್ಲಿ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ನಾನು ಬಿಲ್ಡಿಂಗಿನ ಕೆಳಗಿನ ಬೇವಿನ ಮರದ ಬುಡದಿಂದ ಮಣ್ಣು ತಂದೆ. ಉಮ್ಮ ಏನನ್ನೂ ಅರೆಬರೆ ಮಾಡುವವರಲ್ಲ. ಮಣ್ಣಿನ ನೀರು ಬಕೆಟಿನಲ್ಲಿ ಮುಗಿಸಿ, ಉಳಿದ ಸುತ್ತುಗಳನ್ನು ವಾಷಿಂಗ್ ಮೆಷಿನ್ನಿನಲ್ಲಿ, ಬೆಡ್‌ಶೀಟಿಗೆ ಇಡುವ ಕಾವಿನಲ್ಲಿ ತಿರುಗಿಸಿದರು. ಮೆಷಿನ್ನು ನಮಗೆ ಕೊಟ್ಟು ಹೋದ ಪಾಕಿಸ್ತಾನಿ ಸಂಸಾರ ಆ ಕಾವಿನ ಗುಂಡಿಯನ್ನು ಮುಟ್ಟಬೇಡಿ ಎಂದು ಹೇಳಿಯೇ ಹೋಗಿತ್ತು. ಬಾಲ್ಕನಿಯ ಬಿಸಿಲಲ್ಲಿ ಒಣಗಿಸಿ, ಬಖೂರಿನ ಸುಗಂಧದ ಹೊಗೆ ಹಿಡಿದು, ನೆರಿಗೆ ಒಂದೊಂದನ್ನೂ ಇಸ್ತ್ರಿ ಮಾಡಿ ನನಗೆ ಉಡಿಸಿದಾಗ ಕಿಲ್ಟು ಅತ್ಯಂತ ಪವಿತ್ರವಾಗಿತ್ತು, ಮತ್ತು ಕುಗ್ಗಿ ಮೊಣಕಾಲಿನ ಮೇಲೆ ನಿಂತಿತ್ತು.

ಶಾಹಿ ನಕ್ಕು ಸೋಫಾದಿಂದ ಕೆಳಗೆ ಜಾರಿದಳು. ಉಮ್ಮ ನೆಲದಲ್ಲಿ ಕೂತು ಕಿಲ್ಟಿನ ಅಂಚನ್ನು ಮಗುಚಿ ಮಗುಚಿ ನೋಡಿದರು. ನಮ್ಮ ಮನೆಯ ಯಾವ ಬಟ್ಟೆಯೂ ಅಂಚಿನಲ್ಲಿ ಮಡಿಕೆ ಇಲ್ಲದೆ ಹುಟ್ಟುತ್ತಿರಲಿಲ್ಲ. ನನ್ನ ಯೂನಿಫಾರ್ಮ್ ಪ್ಯಾಂಟುಗಳಲ್ಲಿ ಮೂರು ವರ್ಷದ ಬೆಳವಣಿಗೆ ಮೊದಲೇ ಮಡಚಿ ಇಟ್ಟಿರುತ್ತಿತ್ತು. ಪ್ರತಿ ಜೂನಿನಲ್ಲಿ ಒಂದು ಗೆರೆ ಕೆಳಗಿಳಿಯುತ್ತಿತ್ತು.

“ಇದಕ್ಕೆ ಮಡಿಕೆಯೇ ಇಲ್ಲ! ಹಿಂದೆ ಒಂದು ಥಾನು ಬಟ್ಟೆ ತುರುಕಿದ್ದಾರೆ, ಕೆಳಗೆ ಬಿಡ್ಲಿಕ್ಕೆ ಎರಡು ಬೆರಳು ಸಿಗಲಿಲ್ವಾ ಆ ಟೈಲರಿಗೆ?”

“ಕಿಲ್ಟಿಗೆ ಇರುದಿಲ್ಲ ಉಮ್ಮ. ನೇಯ್ದ ಅಂಚೇ ಕೊನೆ.”

“ಮತ್ತೆ ಮಕ್ಕಳು ಬೆಳೆಯುದಿಲ್ವಾ ಆ ಊರಲ್ಲಿ?”

ಬೆಳೆಯುತ್ತಾರೆ, ಚಳಿಗೆ ನಿಧಾನ ಆಗ್ತದೆ ಅಂದೆ. ಯಾರೂ ನಗಲಿಲ್ಲ. ಉಪ್ಪ ಊಟದ ಹೊತ್ತಿಗೆ ಬಂದು ನೋಡಿ, ಕೈ ತೊಳೆದು, ಕೂತು, ಮೀನು ಬಿಡಿಸುತ್ತಾ ಹೇಳಿದರು:

“ಮೊಣಕಾಲು ಕಾಣ್ತದೆ. ಹಾಗೆ ಜನರೆದುರು ನಿಲ್ಲುದು ಬೇಡ.”

“ಇಟ್ಸ್ ಜಸ್ಟ್ ಅ ನೀ, ಉಪ್ಪ,” ಅಂದಳು ಶಾಹಿ.

“ಟೀವಿಯಲ್ಲಿ ಒಮಾನಿಗಳು ಊದುದಿಲ್ವಾ? ಮೈ ತುಂಬ ಬಟ್ಟೆ. ಒಂದು ಸ್ವರ ಆದ್ರೂ ಕಡಿಮೆ ಆಗ್ತದಾ?”

ನೀವು ಬಾತ್‌ರೂಮ್ ತೊಳೆಯುವಾಗ ಲುಂಗಿ ಎಲ್ಲಿಗೆ ಎತ್ತಿ ಕಟ್ಟುತ್ತೀರಿ ಅಂತ ನಾನು ಅವರದೇ ದನಿಯಲ್ಲಿ ಕೇಳಿದೆ. “ಅದು ಬಾತ್‌ರೂಮು. ಇದು ಸ್ಟೇಜು,” ಅಂದರು. ಉಪ್ಪನ ಹತ್ತಿರ ವಾದ ಮಾಡುವುದು ಹೀಗೆಯೇ. ಅವರು ಸಿಟ್ಟಾಗುವುದಿಲ್ಲ, ಮೀನಿನ ಮುಳ್ಳು ತೆಗೆದ ಹಾಗೆ ನಮ್ಮ ಮಾತನ್ನು ಬದಿಗಿಟ್ಟು ಊಟ ಮುಂದುವರಿಸುತ್ತಾರೆ. ಮರುದಿನ ಉಮ್ಮ ತನಗೆ ಗೊತ್ತಿದ್ದ ಉಪಾಯ ಮಾಡಿದರು. ಕಡುಹಸಿರು ಸೀರೆ ಫಾಲ್ ತಂದು, ಕಿಲ್ಟಿನ ಕೆಳಗೆ ನಾಲ್ಕು ಬೆರಳು ಇಳಿಬಿಟ್ಟು, ಹೊಲಿಗೆ ಕಾಣದ ಹಾಗೆ ಸುತ್ತಲೂ ಹಚ್ಚಿದರು. ನಿಜ ಹೇಳಬೇಕೆಂದರೆ ಕೆಲಸ ಅಷ್ಟು ನಾಜೂಕಾಗಿತ್ತು, ಮದುವೆಗೆ ಉಡಬಹುದಿತ್ತು. ಯಾರಾದರೂ ಹೆಂಗಸು.

ಡಂಕನ್ ಅದನ್ನು ನೋಡಿ ಬಹಳ ಹೊತ್ತು ಮೀಸೆ ತಿರುವಿದರು. ಆಮೇಲೆ ನನ್ನನ್ನು ಗ್ಯಾರೇಜಿನ ನೆಲದ ಮೇಲೆ ಮೊಣಕಾಲೂರಿ ನೆಟ್ಟಗೆ ನಿಲ್ಲಿಸಿದರು. ಕಿಲ್ಟಿನ ಅಳತೆ ನೋಡುವುದು ಹಾಗೆ. ಊರಿ ನಿಂತಾಗ ಅಂಚು ನೆಲ ಮುಟ್ಟಿಯೂ ಮುಟ್ಟದ ಹಾಗೆ ಇರಬೇಕು. ಫಾಲು ನೆಲದಲ್ಲಿ ಮಡಚಿ ಬಿದ್ದಿತ್ತು. ಅದರ ಮೇಲಿನ ನಿಜವಾದ ಅಂಚು ನೆಲಕ್ಕಿಂತ ಒಂದು ಕೂದಲೆಳೆ ಮೇಲೆ, ಪಟ್ಟಿ ಹಿಡಿದು ಗೆರೆ ಎಳೆದ ಹಾಗೆ.

“ಫಾಲಿನ ಮೇಲಿರುವುದು ನಾನು ಕಂಡ ಅತ್ಯಂತ ಸರಿಯಾದ ಅಳತೆ,” ಅಂದರು. “ಯಾರು ಮಾಡಿದ್ದು?”

ನಾಯಿ ಅಂದೆ. ವಿವರಿಸಲು ಹೋಗಲಿಲ್ಲ.

ಮೊಣಕಾಲು ಮುಚ್ಚುವ ಕಿಲ್ಟು ಕಿಲ್ಟೇ ಅಲ್ಲ ಎನ್ನುವುದು ಅವರ ಪಟ್ಟು. ಉಮ್ಮ ಫಾಲು ಬಿಚ್ಚಿದರು. ಅಲ್ಲಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಗ್ಯಾರೇಜಿನಲ್ಲಿ ಪ್ಯಾಂಟು ಹಾಕಿ ಊದುವ, ಕಾರ್ಯಕ್ರಮದ ದಿನ ಉಳಿದವರ ಪೈಪಿನ ಪೆಟ್ಟಿಗೆ ಕಾಯುವ ಮನುಷ್ಯನಾಗಿದ್ದೆ. ಎಲ್ಲರಿಗಿಂತ ಚೆನ್ನಾಗಿ ಊದುತ್ತಿದ್ದೆನೆಂದು ಹೇಳಿದರೆ ಜಂಭವಾಗುತ್ತದೆ. ಕೊಟ್ಟಾಯಂನವನಿಗಿಂತ ಚೆನ್ನಾಗಿ ಊದುತ್ತಿದ್ದೆ, ಅವನು ಮೊದಲ ಸಾಲಿನಲ್ಲಿದ್ದ.

ವಿಚಿತ್ರವೆಂದರೆ ಉಡುಪಿನ ಮಿಕ್ಕ ಭಾಗಗಳು ಈ ಕಾಲದಲ್ಲೇ ಒಂದೊಂದಾಗಿ ಮನೆಗೆ ಬಂದು ಕಪಾಟಿನ ನಡುವಿನ ಬಾಗಿಲು ಹಿಡಿದವು. ಹಾಕಬಾರದು ಎಂದವರೇ ಕೂಡಿಸುತ್ತಿದ್ದರು. ಮೊಣಕಾಲಿನ ಕೆಳಗೆ ದಪ್ಪಗೆ ಮಡಚಿ ನಿಲ್ಲುವ ಉಣ್ಣೆಯ ಸಾಕ್ಸನ್ನು ಡಂಕನ್ನರ ಹೆಂಡತಿ ಹೆಣೆದುಕೊಟ್ಟರು. ಸಾಕ್ಸ್ ಜಾರದಿರಲು ಕಟ್ಟುವ ಪಟ್ಟಿಗೆ ಶಾಹಿ ತನ್ನ ಸ್ಕೂಲ್ ಹೌಸಿನ ಕೆಂಪು ರಿಬ್ಬನ್ ಕೊಟ್ಟಳು, “ನೀನು ಒಂದು ಗಿಫ್ಟ್ ಪ್ಯಾಕೆಟ್ ತರ ಕಾಣ್ತಿ” ಎಂಬ ಪ್ರಮಾಣಪತ್ರದೊಂದಿಗೆ. ಕಿಲ್ಟಿನ ಮುಂದೆ ಸರಪಳಿಯಲ್ಲಿ ನೇತಾಡುವ ಚರ್ಮದ ಚೀಲವೊಂದಿದೆ, ಸ್ಪೋರನ್ ಅಂತ. ಡಂಕನ್ ತಮ್ಮ ಹಳೆಯದನ್ನು ಕೊಟ್ಟಾಗ ಉಮ್ಮ ಬಾಗಿಲಲ್ಲೇ ತಡೆದು ಯಾವ ಪ್ರಾಣಿಯದು ಎಂದು ಕೇಳಿದರು. ಹೊರಗಿನದು ಸೀಲ್ ಎಂಬ ಕಡಲಪ್ರಾಣಿ, ಒಳಗಿನದು ತಮಗೂ ಗೊತ್ತಿಲ್ಲ, ಹಂದಿಯದಿದ್ದರೂ ಇರಬಹುದು ಎಂದು ಆ ಪ್ರಾಮಾಣಿಕ ಮನುಷ್ಯ ಫೋನಿನಲ್ಲಿ ಹೇಳಿದರು. ಸ್ಪೋರನ್ ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲಿಂದಲೇ ವಾಪಸು ಹೋಯಿತು. ಉಪ್ಪ ಕಾರ್ಖಾನೆಯಲ್ಲಿ ತಮ್ಮ ಜೊತೆಗಾರ, ರುಸ್ತಾಕಿನ ಸಲೀಂ ಹತ್ತಿರ ಈ ಕಷ್ಟ ಹೇಳಿಕೊಂಡಿರಬೇಕು. ಮುಂದಿನ ವಾರ ಸಲೀಂ ತಮ್ಮೂರ ಪೇಟೆಯಿಂದ ಚರ್ಮದ ಪುಟ್ಟ ಚೀಲ ತಂದು, ತಮ್ಮ ಹಿಂದಿಯಲ್ಲಿ ನಮ್ಮ ಬಾಗಿಲಲ್ಲಿ ಘೋಷಿಸಿದರು:

“ಬಕ್ರಿ! ಪೂರಾ ಬಕ್ರಿ! ಅಂದರ್ ಭೀ ಬಕ್ರಿ, ಬಾಹರ್ ಭೀ ಬಕ್ರಿ!”

ಉಮ್ಮ ಆ ಆಡಿನ ಚೀಲಕ್ಕೆ ಕರ್ಟನ್ನಿನ ಕುಚ್ಚು ಹೊಲಿದರು. ಇನ್ನು ಕೋಟು. ಕಿಲ್ಟಿನ ಕೋಟು ಸೊಂಟದಲ್ಲೇ ನಿಲ್ಲಬೇಕು, ಮುಂಭಾಗ ದುಂಡಗೆ ಕತ್ತರಿಸಿರಬೇಕು. ಮನೆಯಲ್ಲಿದ್ದ ಒಂದೇ ಕಪ್ಪು ಕೋಟು ಉಪ್ಪನ ಮದುವೆಯದು. ಉಮ್ಮ ಕತ್ತರಿ ಹಿಡಿದು ಅವರ ಮುಖ ನೋಡಿದರು.

“ಕಟ್ ಮಾಡು,” ಅಂದರು ಉಪ್ಪ. “ನನಗೆ ಇನ್ನೊಂದು ಮದುವೆ ಇಲ್ಲವಲ್ಲ.”

“ಅದು ಈಗ ಗ್ಯಾರಂಟಿ ಆಯ್ತಾ ನಿಮಗೆ?”

ಉಮ್ಮ ಸ್ವಲ್ಪ ಜಾಸ್ತಿಯೇ ಕತ್ತರಿಸಿದರು ಅನ್ನಿಸುತ್ತದೆ.

ಮುಂದಿನ ಚಳಿಗಾಲಕ್ಕೆ ಸಮುದ್ರದ ಬದಿಯ ಹೋಟೆಲೊಂದರಲ್ಲಿ ದೊಡ್ಡ ಕಾರ್ಯಕ್ರಮ ಬಂತು. ಈ ಸಲ ನನ್ನನ್ನು ಮುಂದೆ ನಿಲ್ಲಿಸಲೇಬೇಕೆಂದು ಡಂಕನ್ ಉಪ್ಪನ ಹತ್ತಿರ ಮಾತಾಡಲು ನಮ್ಮ ಮನೆಗೆ ಬಂದರು. ಎಲ್ಲಿಂದಲೋ ನೇರ ಬಂದದ್ದು, ಕಿಲ್ಟಿನಲ್ಲೇ. ಸುಪ್ರ ಹಾಸಿತ್ತು, ತುಪ್ಪದನ್ನ, ಕೋಳಿ, ಪತ್ತಿರ್. ಆರಡಿಯ ಮುದುಕ ಕಿಲ್ಟು ಉಟ್ಟು ನೆಲದಲ್ಲಿ ಹೇಗೆ ಕೂರಬೇಕೆಂದು ಆಲೋಚಿಸುತ್ತಿದ್ದಾಗ ಉಪ್ಪ ಒಳಗೆ ಹೋಗಿ ಮಡಿಕೆ ಬಿಚ್ಚದ ಹೊಸ ಲುಂಗಿಯೊಂದನ್ನು ತಂದು ಎರಡೂ ಕೈಯಲ್ಲಿ ನೀಡಿದರು.

“ಮಿಸ್ಟರ್ ಡಂಕನ್, ಆರಾಮ ಆಗ್ಲಿಕ್ಕೆ.”

ಡಂಕನ್ ಅದನ್ನು ಕಾಲ ಮೇಲೆ ಹೊದ್ದು ಕೂತು ಮೂರು ಸಲ ಬಡಿಸಿಕೊಂಡರು. ಆಮೇಲೆ ಮಾತು ಎತ್ತಿದರು. ನಾಲ್ಕು ತಲೆಮಾರಿನಿಂದ ತಮ್ಮ ಮನೆಯಲ್ಲಿ ಕಿಲ್ಟು ಮೊಣಕಾಲಿಗೇ ನಿಲ್ಲುತ್ತಿದೆ ಅಂದರು. ಉಪ್ಪ ತಮ್ಮ ಕಾರ್ಖಾನೆಯ ಇಂಗ್ಲಿಷಿನಲ್ಲಿ, ನಮ್ಮದು ಇನ್ನೂ ಹಿಂದಿನಿಂದ ಅಂದರು. ಇಬ್ಬರೂ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೋಳಿ ಹಾಕುತ್ತಾ ಒಂದು ಬೆರಳಿನಷ್ಟೂ ಕದಲಲಿಲ್ಲ. ನನಗೆ ಇಬ್ಬರ ದನಿಯೂ ಬರುತ್ತಿತ್ತು, ಆ ದಿನ ಯಾರದನ್ನೂ ಮಾಡಲು ಮನಸ್ಸಾಗಲಿಲ್ಲ. ಅವರನ್ನು ಗೇಟಿನವರೆಗೆ ಬಿಟ್ಟು ಬಂದ ಮೇಲೆ ಉಪ್ಪ ಬಾಗಿಲು ಹಾಕಿ ಹೇಳಿದರು:

“ಮೋನು, ನಿನಗೆ ಹದಿನಾರು ದಾಟಿತು. ಇನ್ನು ನಿನ್ನ ನಮಾಝು, ನಿನ್ನ ನೋಂಬು, ನಿನ್ನ ಮೊಣಕಾಲು ಎಲ್ಲ ನಿನ್ನ ಲೆಕ್ಕಕ್ಕೆ. ಹೋಗು, ಊದು. ನಾನು ತಡೆಯುದಿಲ್ಲ.”

“ಮತ್ತೆ ನೀವು ಬರ್ತೀರಲ್ಲ?”

“ನನಗೆ ಡ್ಯೂಟಿ ಉಂಟು.”

ಬೇಡವೆಂದಿದ್ದರೆ ಅತ್ತುಕೊಂಡು, ಅಣಕಿಸಿಕೊಂಡು ಇನ್ನೊಂದು ವರ್ಷ ಕಳೆಯುತ್ತಿದ್ದೆ. ಹೋಗು ಅಂದುಬಿಟ್ಟರಲ್ಲ, ಅದನ್ನು ಅಣಕಿಸುವುದು ಹೇಗೆ? ಡ್ಯೂಟಿ ಅವರಿಗೆ ಆ ದಿನ ಇರಲಿಲ್ಲವೆಂದು ಫ್ರಿಜ್ಜಿನ ಬಾಗಿಲ ಮೇಲಿನ ಶಿಫ್ಟಿನ ಕಾಗದ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು.

ಕಾರ್ಯಕ್ರಮದ ಸಂಜೆ ಉಮ್ಮ ಮತ್ತು ಶಾಹಿ ಮುಂದಿನ ಕುರ್ಚಿಗಳಲ್ಲಿ ಕೂತಿದ್ದರು. ನಾನು ಬಟ್ಟೆ ಬದಲಿಸುವ ಟೆಂಟಿನಲ್ಲಿ ಮೊದಲ ಸಲ ಎಲ್ಲವನ್ನೂ ಒಟ್ಟಿಗೆ ಹಾಕಿ ಕನ್ನಡಿಯ ಎದುರು ನಿಂತೆ: ಎಂಜಿನಿಯರರ ಕಿಲ್ಟು, ರುಸ್ತಾಕಿನ ಆಡು, ಉಪ್ಪನ ಕೋಟು, ಶಾಹಿಯ ರಿಬ್ಬನ್, ನನ್ನದೇ ಸ್ಕೂಲ್ ಶೂಸಿಗೆ ಉದ್ದದ ಲೇಸು. ಎದೆ ಉಬ್ಬಿಸಿ, ಗದ್ದ ಎತ್ತಿ ನೋಡಿದೆ. ಕನ್ನಡಿಯಲ್ಲಿ ಇದ್ದದ್ದು ಮೀಸೆಯಿಲ್ಲದ ಒಬ್ಬ ಕಂದು ಡಂಕನ್. ಒಳ್ಳೆಯ ಅಣಕ, ನಾನು ಮಾಡಿದವುಗಳಲ್ಲೇ ಒಳ್ಳೆಯದು. ಎರಡು ಮೊಣಕಾಲು ಮಾತ್ರ ಆ ಅಣಕದೊಳಗೆ ಸೇರದೆ, ತಪ್ಪಿ ಬಂದ ನೆಂಟರ ಹಾಗೆ ನಿಂತಿದ್ದವು. ಬಿಸಿಲು ಕಾಣದೆ ಬೆಳೆದು ಮೈಗಿಂತ ಎರಡು ಬಣ್ಣ ಬಿಳುಪು. ನನಗೆ ನಾಚಿಕೆಯಾಯಿತು. ಉಪ್ಪ ಅಲ್ಲಿರಲಿಲ್ಲ, ದೂರಲು ಯಾರೂ ಇರಲಿಲ್ಲ. ಆ ನಾಚಿಕೆ ಪೂರ್ತಿ ನನ್ನದೇ ಆಗಿತ್ತು. ಬಗ್ಗಿ ಸಾಕ್ಸಿನ ಮಡಿಕೆ ಸರಿಮಾಡಲು ಹೋದಾಗ ಅದು ಬಿಚ್ಚಿಕೊಂಡಿತು. ಎಳೆದೆ. ಇನ್ನೂ ಎಳೆದೆ. ಡಂಕನ್ನರ ಹೆಂಡತಿ ಉಣ್ಣೆಗೆ ಜಿಪುಣತನ ಮಾಡಿರಲಿಲ್ಲ. ಮಡಿಕೆಯೆಲ್ಲ ಬಿಚ್ಚಿದ ಮೇಲೆ ಸಾಕ್ಸು ಮೊಣಕಾಲು ದಾಟಿ ಕಿಲ್ಟಿನ ಒಳಗೆ ಹೋಗಿ ಸೇರಿತು.

“ಗೋಲ್‌ಕೀಪರ್ ಬಂದ!” ಅಂದ ಕೊಟ್ಟಾಯಂನವನು. ಟೆಂಟಿನಲ್ಲಿ ಎಲ್ಲರೂ ನಕ್ಕರು. ಬೇರೆ ದಿನವಾಗಿದ್ದರೆ ನಾನೇ ಗೋಲ್‌ಕೀಪರನ ಹಾಗೆ ಹಾರಿ ಬಿದ್ದು ಅವರನ್ನು ಇನ್ನಷ್ಟು ನಗಿಸುತ್ತಿದ್ದೆ. ಆ ದಿನ ಬಗ್ಗಿ ಇನ್ನೊಂದು ಕಾಲಿನದ್ದನ್ನೂ ಎಳೆದುಕೊಂಡೆ. ಡಂಕನ್ ಪರದೆ ಸರಿಸಿ ಒಳಗೆ ಬಂದು, ಪಾದದಿಂದ ಮೇಲಕ್ಕೆ ನೋಡುತ್ತಾ ಮೊಣಕಾಲಿನಲ್ಲಿ ನಿಂತರು.

“ಅಪ್ಪ ಹೇಳಿದರೇ?”

“ಇಲ್ಲ. ಅವರು ಬಂದೇ ಇಲ್ಲ.”

“ಹಾಗಾದರೆ ಯಾರು?”

“ನಾನೇ, ಸರ್.” ರಕಾರ ಉರುಳಿಸಲಿಲ್ಲ.

ಅವರು ಮೀಸೆ ತಿರುವಿದರು. ಹೊರಗೆ ನಮ್ಮ ಹೆಸರು ಕರೆಯುತ್ತಿದ್ದರು.

“ಕಿಲ್ಟು ಸರಿಯಾಗಿದೆ,” ಅಂದರು ಕೊನೆಗೆ. “ಸಾಕ್ಸು ತಪ್ಪು. ತಪ್ಪು ಸಾಕ್ಸಿನ ಬಗ್ಗೆ ನನ್ನ ಅಜ್ಜ ಏನೂ ಹೇಳಿಲ್ಲ. ಮುಂದಿನ ಸಾಲಿಗೆ ಹೋಗು.”

ಹೋದೆ. ಹುಲ್ಲಿನ ಮೇಲೆ ನಡೆಯುತ್ತಾ ಮೂರು ರಾಗ ಊದಿದೆವು. ಹೇಗಿತ್ತೆಂದು ನನ್ನನ್ನು ಕೇಳಬೇಡಿ; ಪೈಪು ಊದುವವನಿಗೆ ತನ್ನ ಪೈಪಿನ ಹೊರತು ಬೇರೇನೂ ಕೇಳಿಸುವುದಿಲ್ಲ. ಉಮ್ಮ ಅಳುತ್ತಿದ್ದರೆಂದೂ, ಗಾಳಿಗೆ ಕಣ್ಣಲ್ಲಿ ಮರಳು ಬಿತ್ತೆಂದು ಸುಳ್ಳು ಹೇಳಿದರೆಂದೂ ಶಾಹಿ ಕಾರಿನಲ್ಲಿ ವರದಿ ಕೊಟ್ಟಳು.

ಮನೆಗೆ ಬಂದಾಗ ಉಪ್ಪ ಲುಂಗಿ ಉಟ್ಟು ಸೋಫಾದಲ್ಲಿ ಕೂತಿದ್ದರು. ಸುಪ್ರ ಹಾಸಿದೆವು. ಉಮ್ಮ ಮತ್ತು ಶಾಹಿ ಸ್ಪರ್ಧೆಯ ಮೇಲೆ ಹೇಳಿದರು: ದೀಪ ಹೇಗಿತ್ತು, ಯಾರು ಎದ್ದು ನಿಂತು ಚಪ್ಪಾಳೆ ಹೊಡೆದರು, ಕೋಟು ಯಾರ ಕಣ್ಣಿಗೂ ಹಳೆಯದಾಗಿ ಕಾಣಲಿಲ್ಲ. ಉಪ್ಪ ಹೂಂಗುಟ್ಟುತ್ತಾ ಮೀನು ಬಿಡಿಸುತ್ತಿದ್ದರು. ಒಳ್ಳೆಯ ತುಂಡೊಂದನ್ನು ನನ್ನ ತಟ್ಟೆಯ ಬದಿಗೆ ಸರಿಸಿ, ತಲೆ ಎತ್ತದೆ ಹೇಳಿದರು:

“ಎರಡನೇ ರಾಗದಲ್ಲಿ ಎಡಗಾಲಿನ ಸಾಕ್ಸು ಸ್ವಲ್ಪ ಜಾರಿತ್ತು.”

ಶಾಹಿಯ ಕೈ ತಟ್ಟೆಯಲ್ಲೇ ನಿಂತಿತು.

“ಉಪ್ಪ! ಡ್ಯೂಟಿ ಇತ್ತಲ್ಲ ನಿಮಗೆ?”

“ನಾನು ಮುಂದೆಯೇ ಕೂತಿದ್ದೆ,” ಅಂದರು ಉಮ್ಮ. “ನನಗೇ ಕಾಣ್ಲಿಲ್ಲ. ನೀವು ಎಲ್ಲಿದ್ರಿ?”

“ಸ್ವಲ್ಪ ಎಲಾಸ್ಟಿಕ್ ಹಾಕಿ ಕೊಡು ಅವನಿಗೆ,” ಅಂದರು ಉಪ್ಪ, ಮುಳ್ಳೊಂದನ್ನು ತಟ್ಟೆಯ ಅಂಚಿಗಿಟ್ಟು. “ಎರಡಕ್ಕೂ ಹಾಕು. ಮುಂದಿನ ಸಲ ಬಲಗಾಲಿನದ್ದು ಜಾರುದು ಬೇಡ.”